ಅರ್ಧ ಮಿಲಿಗ್ರಾಂ ಕಬ್ಬಿಣ

ಬಾದಾಮಿಯ ಬಂಡೆಗಳು ಕೆಂಪಾಗಿರುವುದು ಕಬ್ಬಿಣದಿಂದ. ಮರಳಿನ ಕಣಗಳ ನಡುವೆ ಕೂತಿರುವ ಐರನ್ ಆಕ್ಸೈಡ್, ಅಂದರೆ ಒಂದು ಬಗೆಯ ತುಕ್ಕು, ಚಾಲುಕ್ಯರು ಗುಹೆ ಕೊರೆಸಿದ ಆ ಗುಡ್ಡಕ್ಕೆ ಬಣ್ಣ ಕೊಟ್ಟಿದೆ. ಇಳಕಲ್ ಸುತ್ತಲಿನ ಕ್ವಾರಿಗಳಿಂದ ಲಾರಿ ಹತ್ತಿ ಹೊರದೇಶಕ್ಕೆ ಹೋಗುವ ಕೆಂಪು ಗ್ರಾನೈಟಿನಲ್ಲೂ ಕಬ್ಬಿಣದ ಪಾಲಿದೆ. ಹುನಗುಂದದ ಎರೆ ಭೂಮಿ ಕಪ್ಪು, ಆದರೆ ಅದರಲ್ಲೂ ಕಬ್ಬಿಣಕ್ಕೆ ಬರವಿಲ್ಲ. ಒಂದು ಬುಟ್ಟಿ ಮಣ್ಣಿನಲ್ಲಿರುವ ಕಬ್ಬಿಣ ಸಾವಿರಾರು ಮಕ್ಕಳಿಗೆ ವಾರಗಟ್ಟಲೆ ಸಾಕಾದೀತು, ಮಣ್ಣು ಅದನ್ನು ಬಿಟ್ಟುಕೊಟ್ಟರೆ.

ಬಿಟ್ಟುಕೊಡುವುದಿಲ್ಲ. ಸುಣ್ಣದ ಅಂಶ ಹೆಚ್ಚಿರುವ ಎರೆ ಹೊಲದಲ್ಲಿ ಶೇಂಗಾ ಹಾಕಿದ ರೈತರಿಗೆ ಇದು ಗೊತ್ತು. ಒಳ್ಳೆ ಮಳೆಯಾಗಿ ಬೆಳೆ ಎದ್ದು ನಿಂತ ಹೊತ್ತಿಗೆ ಎಳೆ ಎಲೆಗಳು ಹಳದಿಗೆ ತಿರುಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ರೈತ ಅಂಗಡಿಗೆ ಹೋಗಿ ಅನ್ನಭೇದಿ ತಂದು ನೀರಿಗೆ ಕಲಸಿ ಎಲೆಗೆ ಹೊಡೆಯುತ್ತಾನೆ. ಬೇರಿನ ಸುತ್ತ ಕಬ್ಬಿಣ ತುಂಬಿದ್ದರೂ ಅದು ನೀರಿನಲ್ಲಿ ಕರಗದ ರೂಪದಲ್ಲಿದೆ, ಗಿಡಕ್ಕೆ ಸಿಗುತ್ತಿಲ್ಲ. ಕರಗುವ ರೂಪದ ಕಬ್ಬಿಣವೇ ಅನ್ನಭೇದಿ, ರಸಾಯನಶಾಸ್ತ್ರದ ಹೆಸರು ಫೆರಸ್ ಸಲ್ಫೇಟ್. ಸರ್ಕಾರಿ ದವಾಖಾನೆಯಲ್ಲಿ ಬಸುರಿಯರಿಗೆ ಕೊಡುವ ಕಬ್ಬಿಣದ ಗುಳಿಗೆಯಲ್ಲಿರುವುದೂ ಇದೇ ಲವಣ. ಹೊಲದ ಶೇಂಗಾ ಗಿಡ, ಮನೆಯ ಕೂಸು, ಎರಡರ ಕಷ್ಟವೂ ಬಹುಮಟ್ಟಿಗೆ ಒಂದೇ: ಕಬ್ಬಿಣ ಹತ್ತಿರದಲ್ಲೇ ಇದೆ, ಒಳಕ್ಕೆ ಬರುತ್ತಿಲ್ಲ.

ಒಂದು ವರ್ಷದ, ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿದರೆ ಸುಮಾರು 400 ಮಿಲಿಗ್ರಾಂ, ಅರ್ಧ ಗ್ರಾಮಿಗಿಂತ ಕಡಿಮೆ. ಅದರ ಬಹುಪಾಲು ಹಿಮೋಗ್ಲೋಬಿನ್‌ನಲ್ಲಿದೆ. ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು, ಒಂದೊಂದು ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣುಗಳು. ಪುಪ್ಪುಸದಲ್ಲಿ ಆಮ್ಲಜನಕ ಹಿಡಿಯುವುದೂ ಸ್ನಾಯುವಿಗೆ, ಮೆದುಳಿಗೆ ಅದನ್ನು ಬಿಡುವುದೂ ಈ ನಾಲ್ಕರ ಕೆಲಸ. ಕಬ್ಬಿಣ ಸಾಲದಾದಾಗ ದೇಹ ಸಣ್ಣ, ಬಣ್ಣಗೆಟ್ಟ ಕಣಗಳನ್ನು ತಯಾರಿಸುತ್ತದೆ. ಉತ್ತರ ಕರ್ನಾಟಕದ ಮಂದಿ ಇದಕ್ಕೆ ಸೀದಾ ‘ಮೈಯಾಗ ರಕ್ತ ಇಲ್ಲ’ ಅನ್ನುತ್ತಾರೆ.

ಎಷ್ಟು ಮಕ್ಕಳಿಗೆ ಇಲ್ಲ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಕಂಡಿತು. ಹಿಂದಿನ ಸುತ್ತಿನಲ್ಲಿ ಶೇ 60.9 ಇತ್ತು. ಇಡೀ ದೇಶದಲ್ಲಿ ಶೇ 58.6 ಇದ್ದದ್ದು 67.1ಕ್ಕೆ ಏರಿತು. ಶೌಚಾಲಯ, ಗ್ಯಾಸು, ರಸ್ತೆ ಎಲ್ಲ ಹೆಚ್ಚಿದ ಅವಧಿಯಲ್ಲಿ ರಕ್ತ ಮಾತ್ರ ಇಳಿದದ್ದು ಹೇಗೆ ಎಂದು ಜಗಳ ಶುರುವಾಯಿತು. ಜಗಳದ ಒಂದು ತುದಿ ಬೆರಳ ತುದಿಯಲ್ಲೇ ಇದೆ. ಸಮೀಕ್ಷೆಯವರು ಬೆರಳಿಗೆ ಸೂಜಿ ಚುಚ್ಚಿ ಬಂದ ಹನಿಯನ್ನು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಕೊಡುತ್ತಾರೆ. ಅಳುವ ಮಗುವಿನ ಬೆರಳನ್ನು ಸ್ವಲ್ಪ ಹಿಂಡಿದರೂ ರಕ್ತದ ಜತೆ ಅಂಗಾಂಶದ ನೀರು ಬೆರೆತು ಹನಿ ತೆಳುವಾಗುತ್ತದೆ, ಯಂತ್ರ ಕಡಿಮೆ ತೋರಿಸುತ್ತದೆ. 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ನರದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಅಳೆದರು; ದೇಶದ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇ 41 ಬಂತು. ಆರನೇ ಸುತ್ತಿನ ಕುಟುಂಬ ಸಮೀಕ್ಷೆಯಲ್ಲಿ ರಕ್ತ ಪರೀಕ್ಷೆಯನ್ನೇ ಕೈಬಿಟ್ಟು, ಬೇರೆಯದೇ ಆಹಾರ ಮತ್ತು ಜೈವಿಕ ಸೂಚಕಗಳ ಸಮೀಕ್ಷೆಗೆ ಅದನ್ನು ವರ್ಗಾಯಿಸಿದರು.

ಗೆರೆಯೂ ಸರಿದಿದೆ. ದಶಕಗಳ ಕಾಲ ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಡೆಸಿಲೀಟರ್‌ಗೆ 11 ಗ್ರಾಂ ಹಿಮೋಗ್ಲೋಬಿನ್ ಎಂಬುದೇ ಗಡಿ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗಿನವರಿಗೆ ಅದನ್ನು 10.5ಕ್ಕೆ ಇಳಿಸಿತು. ಹಿಂದಿನ ವರ್ಷ 10.7 ಇದ್ದು ರಕ್ತಹೀನ ಅನಿಸಿಕೊಂಡಿದ್ದ ಹದಿನೈದು ತಿಂಗಳ ಮಗು ಮರುವರ್ಷದ ಲೆಕ್ಕದಲ್ಲಿ ಆರೋಗ್ಯವಂತ! ಇಂಥ ವಾದಗಳನ್ನು ಕೇಳಿದವರು ‘ಹಾಗಿದ್ದರೆ ಸಮಸ್ಯೆಯೇ ಇಲ್ಲವಲ್ಲ’ ಎಂದುಕೊಳ್ಳುವುದುಂಟು. ಅದು ತಪ್ಪು. ಶೇ 41 ಅಂದರೂ ಅಂಗನವಾಡಿಯ ಸಾಲಿನಲ್ಲಿ ಐವರಲ್ಲಿ ಇಬ್ಬರು. ಅದೇ ಸಮೀಕ್ಷೆ ಆ ವಯಸ್ಸಿನ ಮೂರರಲ್ಲಿ ಒಂದು ಮಗುವಿಗೆ ಕಬ್ಬಿಣದ ದಾಸ್ತಾನೇ ಬರಿದಾಗಿರುವುದನ್ನು ತೋರಿಸಿತು. ಲೆಕ್ಕದಿಂದ ತಿಳಿಯಬೇಕಾದ್ದು ಇನ್ನೊಂದಿದೆ: ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ. ಆ ಮಾತಿಗೆ ಆಮೇಲೆ ಬರೋಣ.

ಹುಟ್ಟುವಾಗಲೇ ಕೂಸು ತಾಯಿ ಕಟ್ಟಿಕೊಟ್ಟ ಬುತ್ತಿಯೊಂದಿಗೆ ಬರುತ್ತದೆ. ದಿನ ತುಂಬಿ ಹುಟ್ಟಿದ ಮೂರು ಕಿಲೋ ಮಗುವಿನಲ್ಲಿ ಕಿಲೋಗೆ ಸುಮಾರು 75 ಮಿಲಿಗ್ರಾಂ ಲೆಕ್ಕದಲ್ಲಿ 225 ಮಿಲಿಗ್ರಾಂ ಕಬ್ಬಿಣ. ಇದರ ದೊಡ್ಡ ಪಾಲು ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಹೊಕ್ಕುಳಬಳ್ಳಿಯ ಮೂಲಕ ಬಂದದ್ದು. ಮೊದಲ ಆರು ತಿಂಗಳು ಮಗು ಇದರಲ್ಲೇ ಬದುಕುತ್ತದೆ. ತಾಯಿಯ ಹಾಲಿನಲ್ಲಿ ಕಬ್ಬಿಣ ಬಲು ಕಡಿಮೆ, ಲೀಟರಿಗೆ 0.3ರಿಂದ 0.4 ಮಿಲಿಗ್ರಾಂ. ಅದರ ಅರ್ಧದಷ್ಟು ಮೈಗೆ ಹತ್ತುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಅಷ್ಟರಲ್ಲಿ ಮಗುವಿನ ತೂಕ ಎರಡು ಪಟ್ಟಾಗಿ, ವರ್ಷ ತುಂಬುವಾಗ ಮೂರು ಪಟ್ಟಾಗುತ್ತದೆ. ರಕ್ತವೂ ಅದೇ ಅಳತೆಯಲ್ಲಿ ಹೆಚ್ಚಬೇಕು. ಆರನೇ ತಿಂಗಳಿಗೆ ಬುತ್ತಿ ಮುಗಿಯುತ್ತದೆ. ತಾಯಿ ಬಡವಾಗಿದ್ದರೆ, ಮಗು ದಿನ ತುಂಬುವ ಮುಂಚೆ ಹುಟ್ಟಿದ್ದರೆ ಇನ್ನೂ ಬೇಗ.

ಬಾಗಲಕೋಟೆ, ವಿಜಯಪುರದ ಕಡೆ ಹುಡುಗಿಯರಿಗೆ ಇನ್ನೂ ಬೇಗ ಮದುವೆಯಾಗುವ ವಾಡಿಕೆ ಪೂರ್ತಿ ಹೋಗಿಲ್ಲ. ತಾನೇ ಬೆಳೆಯುತ್ತಿರುವ ಹದಿನೇಳರ ಹುಡುಗಿ ಬಸುರಿಯಾದಾಗ ಅವಳ ಮೈಗೂ ಬೇಕು, ಹೊಟ್ಟೆಯ ಕೂಸಿಗೂ ಬೇಕು. ಐದನೇ ಸುತ್ತಿನ ಸಮೀಕ್ಷೆಯ ಪ್ರಕಾರ ರಾಜ್ಯದ 15ರಿಂದ 49ರ ಮಹಿಳೆಯರಲ್ಲಿ ಶೇ 47.8 ಮಂದಿ ರಕ್ತಹೀನರು. ಇವರು ಕಟ್ಟಿಕೊಡುವ ಬುತ್ತಿ ಸಣ್ಣದಾಗುವುದು ಸಹಜ. ಹೆರಿಗೆ ಕೋಣೆಯಲ್ಲಿ ಖರ್ಚಿಲ್ಲದ ಒಂದು ಕೆಲಸವಿದೆ: ಹೊಕ್ಕುಳಬಳ್ಳಿ ಕತ್ತರಿಸಲು ಒಂದರಿಂದ ಮೂರು ನಿಮಿಷ ಕಾಯುವುದು. ಅಷ್ಟರಲ್ಲಿ ಮಾಸಿನಲ್ಲಿ ಉಳಿದ ರಕ್ತ ಮಗುವಿಗೆ ಇಳಿದು, 30ರಿಂದ 50 ಮಿಲಿಗ್ರಾಂ ಕಬ್ಬಿಣ ಹೆಚ್ಚಾಗಿ ಸಿಗುತ್ತದೆ. ಮುಂದೆ ಸಿರಪ್ಪು, ಸೊಪ್ಪು ಎಂದು ಪಡುವ ಪಾಡಿನ ಎದುರು ಈ ಮೂರು ನಿಮಿಷ ಎಷ್ಟು ಅಗ್ಗ ಅನಿಸುತ್ತದೆ.

ಇನ್ನು ತಟ್ಟೆಗೆ ಬರೋಣ. ಬಾದಾಮಿಯ ಬನಶಂಕರಿ ಗುಡಿಗೆ ಹೋದವರು ಅಲ್ಲಿ ಇಳಕಲ್ ಸೀರೆ ಉಟ್ಟ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಊಟ ಮಾರುವುದನ್ನು ನೋಡಿರುತ್ತಾರೆ. ಬುಟ್ಟಿ ಬಿಚ್ಚಿದರೆ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಕಾಳುಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಗಡಿಗೆಯ ಮೊಸರು, ಹಸಿ ಉಳ್ಳಾಗಡ್ಡಿ. ಕಬ್ಬಿಣದ ದೃಷ್ಟಿಯಿಂದ ನೋಡಿದರೂ ಇದು ತಿಳಿದವರು ಕಟ್ಟಿದ ಊಟ. ಕಾಳಿನಲ್ಲಿ ಕಬ್ಬಿಣವಿದೆ, ಸೊಪ್ಪಿನಲ್ಲಿದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬೆರೆತಾಗ ಧಾನ್ಯದ ಕಬ್ಬಿಣ ಹೆಚ್ಚು ಬಿಡುಗಡೆಯಾಗುತ್ತದೆ ಎಂಬುದನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2010ರಲ್ಲಿ ಪ್ರಯೋಗಾಲಯದ ಪರೀಕ್ಷೆಗಳಿಂದ ತೋರಿಸಿದರು. ಮೇಲೆ ಒಂದು ಹೋಳು ಲಿಂಬೆ ಹಿಂಡಿಕೊಂಡರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಕರಗುವ ರೂಪದಲ್ಲಿ ಇಡುತ್ತದೆ.

ಆದರೆ ಈ ಬುಟ್ಟಿಯಿಂದ ಒಂದೂವರೆ ವರ್ಷದ ಕೂಸಿಗೆ ಏನು ಹೋಗುತ್ತದೆ? ಪಲ್ಯ ಇಲ್ಲ, ‘ಖಾರ ಆಕ್ಕೈತಿ’. ಕಾಳು ಇಲ್ಲ, ‘ಗಂಟಲಾಗ ಸಿಗತೈತಿ’. ಹಿಂಡಿ ಇಲ್ಲ, ಉಳ್ಳಾಗಡ್ಡಿಯಂತೂ ಇಲ್ಲವೇ ಇಲ್ಲ. ಉಳಿಯುವುದು ಹಾಲಿನಲ್ಲಿ ನೆನೆಸಿ ಕಿವುಚಿದ ರೊಟ್ಟಿ, ಇಲ್ಲವೆ ಅನ್ನದ ಮೇಲೆ ಸಾರಿನ ತಿಳಿ. ದೊಡ್ಡವರ ತಾಟಿನಿಂದ ಕಬ್ಬಿಣ ಹೊತ್ತ ಪದಾರ್ಥಗಳನ್ನೆಲ್ಲ ತೆಗೆದರೆ ಉಳಿಯುವುದೇ ಮಗುವಿನ ತಾಟು. ಬಡತನಕ್ಕೆ ಇದರಲ್ಲಿ ಪಾಲಿದೆ, ಆದರೆ ಉಳ್ಳವರ ಮನೆಯಲ್ಲೂ ಇದೇ ಹಾಲು-ರೊಟ್ಟಿ ನಡೆಯುತ್ತದೆ. ಇದನ್ನು ಅಜ್ಞಾನ ಎನ್ನುವವರ ಜತೆ ನಾನಿಲ್ಲ. ಕೂಸಿನ ಬಾಯಿ ಉರಿಯಬಾರದು ಎಂಬ ಕಾಳಜಿ ಅದು. ಆ ಕಾಳಜಿಯ ಜತೆಗೆ ಖಾರ ಹಾಕುವ ಮುಂಚೆ ಒಂದು ಹಿಡಿ ಪಲ್ಯ ತೆಗೆದಿಡುವ ರೂಢಿ ಬೆಳೆಯಲಿಲ್ಲ, ಅಷ್ಟೇ.

ಲೆಕ್ಕ ಹಾಕಿ ನೋಡೋಣ. ಹದಿನೈದು ತಿಂಗಳ ಮಗು ದಿನಕ್ಕೆ 40 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ತಿಂದಿತು ಎನ್ನಿ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ, ಅಲ್ಲಿಗೆ 1.6 ಆಯಿತು. 30 ಗ್ರಾಂ ಅಕ್ಕಿಯ ಅನ್ನದಿಂದ 0.2. ಸಾರಿನಲ್ಲಿ ಬಂದ 10 ಗ್ರಾಂ ತೊಗರಿಬೇಳೆಯಿಂದ 0.4. ಎರಡು ಲೋಟ ಆಕಳ ಹಾಲಿನಿಂದ 0.3. ಒಟ್ಟು ಎರಡೂವರೆ ಮಿಲಿಗ್ರಾಂ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಎಂಟಾದರೂ ಯಾಕೆ? ಮೈಗೆ ನಿಜಕ್ಕೂ ಬೇಕಾದ್ದು ದಿನಕ್ಕೆ ಸುಮಾರು ಅರ್ಧ ಮಿಲಿಗ್ರಾಂ. ಧಾನ್ಯದ ಊಟದಲ್ಲಿ ನೂರಕ್ಕೆ ಐದೋ ಎಂಟೋ ಪಾಲು ಮಾತ್ರ ಕರುಳು ದಾಟುತ್ತದೆ ಎಂಬ ಲೆಕ್ಕದಿಂದ ಹಿಂದಕ್ಕೆ ಬಂದದ್ದು ಆ ಎಂಟು. ನಮ್ಮ ಮಗುವಿನ ಎರಡೂವರೆಯಲ್ಲಿ ದಾಟಿದ್ದು 0.15, ಎದೆಹಾಲಿನಿಂದ ಇನ್ನೊಂದು 0.07. ಅರ್ಧ ಮಿಲಿಗ್ರಾಮಿನ ಅರ್ಧಕ್ಕೂ ಇದು ಮುಟ್ಟಲಿಲ್ಲ.

ಉಳಿದದ್ದನ್ನು ತಡೆದವರು ಯಾರು? ಮುಖ್ಯವಾಗಿ ಫೈಟಿಕ್ ಆಮ್ಲ. ಮೊಳಕೆಗೆ ಬೇಕಾದ ರಂಜಕವನ್ನು ಕಾಳು ಈ ರೂಪದಲ್ಲಿ ಕೂಡಿಟ್ಟಿರುತ್ತದೆ. ಕರುಳಿನಲ್ಲಿ ಅದು ಕಬ್ಬಿಣವನ್ನು ಕಚ್ಚಿ ಹಿಡಿದು ಬಿಡುವುದಿಲ್ಲ. ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡಿ. ಹಾಲು ಒಳ್ಳೆಯದೇ, ಆದರೆ ದಿನಕ್ಕೆ ಅರ್ಧ ಲೀಟರ್ ಮೀರಿ ಹಾಲು ಕುಡಿದ ಮಗುವಿನ ಹೊಟ್ಟೆಯಲ್ಲಿ ಊಟಕ್ಕೆ ಜಾಗ ಎಲ್ಲಿ? ಇವೆರಡಕ್ಕಿಂತ ನನಗೆ ಹೆಚ್ಚು ಸಿಟ್ಟು ಬರಿಸುವುದು ಚಹಾ. ಹೊಲಕ್ಕೆ ಹೊರಟ ತಾಯಿ, ಮಗ್ಗಕ್ಕೆ ಕೂತ ಅಪ್ಪ ಬಟ್ಟಲಲ್ಲಿ ಬಿಟ್ಟ ಚಹಾಕ್ಕೆ ಬಿಸ್ಕೀಟು ಅದ್ದಿ ಕೂಸಿನ ಬಾಯಿಗಿಡುತ್ತಾರೆ. ಚಹಾದ ಟ್ಯಾನಿನ್ ಊಟದ ಕಬ್ಬಿಣವನ್ನು ಹಿಡಿದು ಕರಗದಂತೆ ಮಾಡುತ್ತದೆ, ಬಿಸ್ಕೀಟಿನ ಸಕ್ಕರೆ ಹಸಿವನ್ನು ಕೊಲ್ಲುತ್ತದೆ. ದೊಡ್ಡವರ ಬದುಕಿಗೆ ಚಹಾ ಬೇಕು, ನನಗೂ ಬೇಕು. ಎರಡು ವರ್ಷದ ಮಗುವಿಗೆ ಅದರಿಂದ ಯಾವ ಉಪಕಾರವೂ ಇಲ್ಲ.

ಧಾನ್ಯವನ್ನೇ ಬದಲಿಸಿದರೆ? ಈ ಪ್ರಶ್ನೆಗೆ ಪಕ್ಕದ ಬೆಳಗಾವಿಯಿಂದ ಅಚ್ಚುಕಟ್ಟಾದ ಒಂದು ಉತ್ತರ ಬಂದಿದೆ. ಜೋಳಕ್ಕಿಂತ ಸಜ್ಜೆಯಲ್ಲಿ ಕಬ್ಬಿಣ ಹೆಚ್ಚು, ನೂರು ಗ್ರಾಮಿಗೆ ಆರಕ್ಕಿಂತ ಮೇಲೆ. ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿ ಈ ಸೀಮೆಯ ಮನೆಮನೆಯಲ್ಲೂ ಇರುತ್ತದೆ. ಸಜ್ಜೆಯ ತಳಿಗಳಲ್ಲೇ ಹೆಚ್ಚು ಕಬ್ಬಿಣ ಎಳೆದುಕೊಳ್ಳುವಂಥವನ್ನು ಆರಿಸಿ ಬೆಳೆಸಿದ ತಳಿಗಳಿವೆ. ಹೈದರಾಬಾದಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮಹಾರಾಷ್ಟ್ರದ ಕೃಷಿ ವಿಶ್ವವಿದ್ಯಾಲಯದ ಜತೆ 2012ರಲ್ಲಿ ಹೊರತಂದ ‘ಧನಶಕ್ತಿ’ ಅಂಥದ್ದು, ಕಿಲೋಗೆ 71 ಮಿಲಿಗ್ರಾಂ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಡಾ. ಬಿ. ಎಸ್. ಕೊಡಕಣಿ ಮತ್ತು ಸಂಗಡಿಗರು, ಅಮೆರಿಕದ ಕೊಲರಾಡೊದ ವಿಜ್ಞಾನಿಗಳೊಂದಿಗೆ ಸೇರಿ ಇದೇ ಪ್ರಾಂತದ ಎರಡು ವರ್ಷದ 40 ಮಕ್ಕಳಿಗೆ ಸಜ್ಜೆಯ ತಿನಿಸು ಕೊಟ್ಟರು. ಸುಮಾರು ಅರ್ಧ ಮಕ್ಕಳಿಗೆ ಸಾಮಾನ್ಯ ಸಜ್ಜೆ, ಉಳಿದವರಿಗೆ ಕಬ್ಬಿಣ ಹೆಚ್ಚಿದ ಸಜ್ಜೆ. ಊಟದಲ್ಲಿ ವಿಕಿರಣವಿಲ್ಲದ, ಆದರೆ ತೂಕದಲ್ಲಿ ತುಸು ಬೇರೆಯಾದ ಕಬ್ಬಿಣದ ಪರಮಾಣುಗಳನ್ನು ಗುರುತಿಗಾಗಿ ಬೆರೆಸಿದ್ದರು. ಆಮೇಲೆ ರಕ್ತದಲ್ಲಿ ಆ ಪರಮಾಣುಗಳನ್ನು ಹುಡುಕಿದರೆ ಎಷ್ಟು ಒಳಬಂತು ಎಂದು ನೇರವಾಗಿ ತಿಳಿಯುತ್ತದೆ.

2013ರಲ್ಲಿ ಪ್ರಕಟವಾದ ಫಲಿತಾಂಶ: ಸಾಮಾನ್ಯ ಸಜ್ಜೆ ತಿಂದವರ ಮೈಗೆ ದಿನಕ್ಕೆ ಸರಾಸರಿ 0.23 ಮಿಲಿಗ್ರಾಂ ಸೇರಿತ್ತು, ಹೊಸ ಸಜ್ಜೆ ತಿಂದವರಿಗೆ 0.67. ಬೇಕಾದ್ದು ಅರ್ಧ. ಒಂದು ಗುಂಪು ಗೆರೆಯ ಕೆಳಗೆ, ಇನ್ನೊಂದು ಮೇಲೆ. ಮಾತ್ರೆಯಿಲ್ಲ, ಸಿರಪ್ಪಿಲ್ಲ, ಬರೀ ಬಿತ್ತನೆ ಬೀಜದ ವ್ಯತ್ಯಾಸ. 2018ರಿಂದ ದೇಶದಲ್ಲಿ ಹೊಸ ಸಜ್ಜೆ ತಳಿ ಬಿಡುಗಡೆಯಾಗಬೇಕಾದರೆ ಕಿಲೋಗೆ ಕನಿಷ್ಠ 42 ಮಿಲಿಗ್ರಾಂ ಕಬ್ಬಿಣ ಇರಲೇಬೇಕೆಂಬ ನಿಯಮವೂ ಬಂದಿದೆ. ಇಷ್ಟೆಲ್ಲ ಆದರೂ ಒಂದು ತೊಡಕು ಉಳಿದಿದೆ: ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ವಾರ ಇಟ್ಟರೆ ಮುಗ್ಗು ವಾಸನೆ. ಪಡಿತರದ ಅಕ್ಕಿ ಮನೆಗೇ ಬರುವಾಗ ವಾರಕ್ಕೆರಡು ಸಲ ಗಿರಣಿಗೆ ಹೋಗುವವರು ಯಾರು?

ಪಡಿತರದ ಅಕ್ಕಿಯಲ್ಲೂ ಕಬ್ಬಿಣ ಬೆರೆಸಿದ್ದುಂಟು. ಅಕ್ಕಿ ಹಿಟ್ಟಿಗೆ ಪೋಷಕಾಂಶ ಕಲಸಿ ಅಕ್ಕಿಯ ಆಕಾರದಲ್ಲೇ ಒತ್ತಿದ ಕಾಳುಗಳು ಅವು, ನೂರಕ್ಕೊಂದರಂತೆ ಬೆರೆತಿರುತ್ತಿದ್ದವು. ಬಣ್ಣದಲ್ಲಿ ತುಸು ಬೇರೆ, ಕೆಲವು ನೀರಲ್ಲಿ ತೇಲುತ್ತವೆ. ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಗುಲ್ಲೆದ್ದು, ಮೊರದಲ್ಲಿ ಅಕ್ಕಿ ಹಸನು ಮಾಡುವಾಗ ಕಲ್ಲಿನ ಜತೆ ಅವನ್ನೂ ಆರಿಸಿ ಎಸೆದ ಮನೆಗಳುಂಟು. ಹೇಳದೆ ಬೆರೆಸಿದರೆ ಆಗುವುದು ಹೀಗೆಯೇ.

ಅಡುಗೆಮನೆಯಲ್ಲೇ ಮಾಡಬಹುದಾದ್ದು ಇಲ್ಲವೆಂದಲ್ಲ. ಹುಳಿಗೆ ಬಂದ ಅಂಬಲಿಯಲ್ಲಿ ಫೈಟಿಕ್ ಆಮ್ಲ ಒಡೆಯುತ್ತದೆ. ಮೊಳಕೆ ಬಂದ ಕಾಳಿನಲ್ಲೂ. ಹೆಸರು, ಮಡಿಕೆ, ರಾಗಿ ಮೊಳಕೆಗೆ ಹೇಳಿ ಮಾಡಿಸಿದವು. ಜೋಳವನ್ನು ಮಾತ್ರ ಮೊಳಕೆ ಬರಿಸಿ ಮಗುವಿಗೆ ಕೊಡಬೇಡಿ. ಎಳೆ ಜೋಳದ ಪೈರು ಮೇಯ್ದ ದನ ಉಬ್ಬಸಪಟ್ಟು ಬೀಳುವುದನ್ನು ರೈತರು ಕಂಡಿದ್ದಾರೆ. ಎಳೆ ಮೊಳಕೆಯಲ್ಲಿರುವ ಧುರಿನ್ ಎಂಬ ವಸ್ತು ಸಯನೈಡ್ ಬಿಡುತ್ತದೆ, ಕಾರಣ ಅದು. ಕಬ್ಬಿಣದ ಪಾತ್ರೆಯ ಅಡುಗೆಯೂ ಕೆಲಸ ಮಾಡುತ್ತದೆ: ಇಥಿಯೋಪಿಯಾದಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಂಡ ಮಕ್ಕಳ ಹಿಮೋಗ್ಲೋಬಿನ್, ಅಲ್ಯುಮಿನಿಯಂ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಂಡವರಿಗಿಂತ ಹೆಚ್ಚಾಯಿತೆಂದು 1999ರಲ್ಲಿ ವರದಿಯಾಯಿತು. ರೊಟ್ಟಿಯ ಹಂಚು ನಮ್ಮಲ್ಲಿ ಇನ್ನೂ ಕಬ್ಬಿಣದ್ದೇ, ಆದರೆ ಒಣ ರೊಟ್ಟಿಗೆ ಅದು ಬಿಟ್ಟುಕೊಡುವುದು ಅತ್ಯಲ್ಪ. ನೀರಿನಂಶವಿರುವ ಹುಳಿ ಪದಾರ್ಥ ಹೊತ್ತುಗಟ್ಟಲೆ ಕುದಿಯಬೇಕು.

ಮೊಟ್ಟೆಯ ವಿಷಯದಲ್ಲಿ ಬೇಕೆನ್ನುವವರೂ ಬೇಡವೆನ್ನುವವರೂ ದನಿ ಏರಿಸುತ್ತಾರೆ. ಪ್ರೋಟೀನಿಗೆ, ಬಿ-12ಕ್ಕೆ ಮೊಟ್ಟೆ ಅಮೂಲ್ಯ. ಅಂಗನವಾಡಿಯಲ್ಲಿ ಮಗು ಬೇಡವೆನ್ನದೆ ತಿನ್ನುವ ಪದಾರ್ಥವೂ ಹೌದು. ಕಬ್ಬಿಣಕ್ಕೆ ಮಾತ್ರ ಅದು ಸಾಧಾರಣ. ಹಳದಿಯಲ್ಲಿರುವ ಫಾಸ್ವಿಟಿನ್ ಎಂಬ ಪ್ರೋಟೀನ್ ತನ್ನ ಕಬ್ಬಿಣವನ್ನು ಸುಲಭಕ್ಕೆ ಬಿಡುವುದಿಲ್ಲ. ಮಾಂಸ, ಮೀನಿನಲ್ಲಿರುವ ಕಬ್ಬಿಣದ ಒಂದು ಪಾಲು ಹೀಮ್ ರೂಪದ್ದು, ಫೈಟಿಕ್ ಆಮ್ಲದ ಕಾಟ ಅದಕ್ಕಿಲ್ಲ. ಉಣ್ಣುವವರ ಮನೆಯಲ್ಲಿ ಅದನ್ನೂ ಕೂಸಿಗೆ ಅರೆದು ಕೊಡಬೇಕು, ಬರೀ ರಸ ಸಾಲದು.

ಊಟವೆಲ್ಲ ಸರಿಯಿದ್ದೂ ಕಬ್ಬಿಣ ಒಳಬರದಿರಬಹುದು. ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನು ಬಿಡುತ್ತದೆ. ಅದು ಹೆಚ್ಚಾದಾಗ ಕರುಳಿನ ಕೋಶಗಳು ತಾವು ಹೀರಿದ ಕಬ್ಬಿಣವನ್ನು ರಕ್ತಕ್ಕೆ ದಾಟಿಸುವುದಿಲ್ಲ. ಸೋಂಕು ತಗುಲಿದಾಗ ಹೆಪ್ಸಿಡಿನ್ ಏರುತ್ತದೆ. ರೋಗಾಣುಗಳಿಗೂ ಕಬ್ಬಿಣ ಬೇಕು, ಅವಕ್ಕೆ ಸಿಗದಿರಲಿ ಎಂಬ ಏರ್ಪಾಡು. ಮೇಲಿಂದ ಮೇಲೆ ಭೇದಿ, ಜ್ವರ, ಕೆಮ್ಮು ಬರುವ ಮಗುವಿನಲ್ಲಿ ಈ ದಾರಿ ತಿಂಗಳಲ್ಲಿ ಎಷ್ಟೋ ದಿನ ಮುಚ್ಚಿಯೇ ಇರುತ್ತದೆ. ಶುದ್ಧ ನೀರು, ಚರಂಡಿ ಕೂಡ ರಕ್ತದ ವಿಷಯವೇ. ನೀರಿನ ಮಾತು ಬಂದಾಗ ಇನ್ನೊಂದು: ಹುನಗುಂದ, ಇಳಕಲ್ ಕಡೆಯ ಗ್ರಾನೈಟ್ ನೆಲದ ಕೆಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಹಳದಿಯಾಗುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಫ್ಲೋರೈಡ್ ಕರುಳಿನ ಒಳಪದರವನ್ನೂ ಕೆಡಿಸಿ ರಕ್ತಹೀನತೆಗೆ ಕಾರಣವಾಗುತ್ತದೆ ಎಂದು ದೆಹಲಿಯ ಡಾ. ಎ. ಕೆ. ಸುಶೀಲಾ ಬಸುರಿಯರ ಅಧ್ಯಯನದಿಂದ ವಾದಿಸಿದರು; ಚಿಕ್ಕ ಮಕ್ಕಳ ಮಟ್ಟಿಗೆ ಅದನ್ನು ಈ ಸೀಮೆಯಲ್ಲೇ ಪರೀಕ್ಷಿಸುವುದು ಉಪಯುಕ್ತ. ಫೋಲೇಟ್, ಬಿ-12 ಕೊರತೆ, ತಲಸೇಮಿಯಾದಂಥ ವಂಶವಾಹಿ ತೊಂದರೆಗಳೂ ಇವೆ. ಹೆಣ್ಣನ್ನು ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ಇರುವಲ್ಲಿ ಎರಡು ತಿಂಗಳ ಸಿರಪ್ಪಿಗೂ ಬಣ್ಣ ಬಾರದ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವುದು ಲೇಸು.

ಹಳ್ಳಿಯ ಮಕ್ಕಳಲ್ಲಿ ಇವುಗಳ ಪೈಕಿ ಯಾವುದು ಎಷ್ಟು ಎಂದು ಬಿಡಿಸಿ ನೋಡಿದ ಮುಖ್ಯ ಅಧ್ಯಯನ ನಮ್ಮ ರಾಜ್ಯದ್ದೇ. ಆಸ್ಟ್ರೇಲಿಯಾದ ವೈದ್ಯ ಸಂತ್-ರೇನ್ ಪಸರೀಚಾ, ಬೆಂಗಳೂರಿನ ಡಾ. ಅರುಣ್ ಶೇಟ್, ಕರುಣಾ ಟ್ರಸ್ಟಿನ ಡಾ. ಎಚ್. ಸುದರ್ಶನ್ ಮೊದಲಾದವರು ಗುಲಬರ್ಗಾ ಮತ್ತು ಚಾಮರಾಜನಗರ ಜಿಲ್ಲೆಗಳ ಒಂದರಿಂದ ಎರಡು ವರ್ಷದ ಸುಮಾರು 400 ಮಕ್ಕಳ ರಕ್ತ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಶೇ 75.3 ಮಕ್ಕಳಿಗೆ ರಕ್ತಹೀನತೆ. ಶೇ 61.9 ಮಕ್ಕಳಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕಡಿಮೆ. ತಾಯಿಯ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮಗುವಿನದೂ ಕಡಿಮೆ. ಮನೆಯಲ್ಲಿ ಊಟದ ಅಭದ್ರತೆ ಇದ್ದರೂ ಹಾಗೆಯೇ. ಒಂದು ಸಂಗತಿ ಮಾತ್ರ ಹಲವರಿಗೆ ಇರುಸುಮುರುಸಾಯಿತು: ವರ್ಷ ದಾಟಿದ ಮೇಲೂ ಎದೆಹಾಲು ಕುಡಿಯುತ್ತಿದ್ದ ಮಕ್ಕಳಲ್ಲಿ ಫೆರಿಟಿನ್ ಇನ್ನೂ ಕಡಿಮೆ ಇತ್ತು. ಎದೆಹಾಲು ಬಿಡಿಸಿ ಎಂದು ಇದರರ್ಥವಲ್ಲ, ಖಂಡಿತ ಅಲ್ಲ. ಎದೆಹಾಲಿದೆಯಲ್ಲ ಎಂದು ಊಟ ಮುಂದೂಡಬೇಡಿ ಎಂದು ನಾನು ಓದಿಕೊಳ್ಳುತ್ತೇನೆ.

ಸರ್ಕಾರದ ಉತ್ತರ ಸಿರಪ್ಪು. 1970ರಲ್ಲೇ ಶುರುವಾದ ರಕ್ತಹೀನತೆ ತಡೆ ಕಾರ್ಯಕ್ರಮ ಹೆಸರು ಬದಲಿಸುತ್ತ 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ವಾಯಿತು. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ ಒಂದು ಮಿಲಿಲೀಟರ್, ಅದರಲ್ಲಿ 20 ಮಿಲಿಗ್ರಾಂ ಕಬ್ಬಿಣ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಮೇಲಿನ ತಟ್ಟೆಯ ಲೆಕ್ಕದ ಎದುರು 20 ಎಷ್ಟು ದೊಡ್ಡದು ನೋಡಿ. ವಾರಕ್ಕೆರಡೇ ಸಲ ಎಂದು ಮೂಗು ಮುರಿಯಬೇಕಿಲ್ಲ. ಒಂದು ದೊಡ್ಡ ಡೋಸಿನ ನಂತರ ದಿನವಿಡೀ ಹೆಪ್ಸಿಡಿನ್ ಏರಿ ಮರುದಿನದ ಡೋಸು ಮೈಗೆ ಹತ್ತುವುದು ಕಡಿಮೆಯಾಗುತ್ತದೆ ಎಂಬುದು ದೊಡ್ಡ ಹೆಂಗಸರ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಬಾಟಲಿ ಮನೆಗೆ ಬರುತ್ತದೆ. ಮುಂದೆ? ಬಾದಾಮಿ ಕಡೆಯ ಒಂದು ಜಗಲಿಯ ಮೇಲೆ ನಡೆಯುವ ಮಾತು ಹೀಗಿರುತ್ತದೆ:

‘ಯಾಕಬೇ ಅವ್ವ, ಬಾಟ್ಲಿ ತುಂಬ ಹಂಗೇ ಐತಲ್ಲ?’

‘ಅದು ಹಾಕಿದ್ರ ಕೂಸು ಕರ್ರಗ ಹೊಲಸು ಮಾಡತೈತ್ರಿ ಬಾಯಾರ. ಉಷ್ಣ ಆಗಿರಬೇಕು ಅಂತ ನಮ್ಮತ್ತಿ ಬಿಡಿಸ್ಯಾರ.’

‘ಉಷ್ಣ ಅಲ್ಲವ್ವಾ, ಮೈಗೆ ಹತ್ತದ ಕಬ್ಬಿಣ ಹಂಗ ಹೊರಗ ಬರತೈತಿ. ಊಟ ಆದಮ್ಯಾಲೆ ಹಾಕ್ರಿ, ಹಾಲಿನ ಕೂಡ ಹಾಕಬ್ಯಾಡ್ರಿ. ಹಲ್ಲು ಕರ್ರಗಾದ್ರ ಬಟ್ಟಿಲೆ ಒರಸ್ರಿ, ಹೋಗತೈತಿ.’

ಆಶಾ ಕಾರ್ಯಕರ್ತೆಯ ಈ ನಾಲ್ಕು ಮಾತಿಗೆ ಬೆಲೆ ಕಟ್ಟಿದ ಪ್ರಯೋಗವೂ ಒಂದಿದೆ. ಅರುಣ್ ಶೇಟ್ ಮತ್ತವರ ತಂಡ ಚಾಮರಾಜನಗರದ 55 ಹಳ್ಳಿಗಳಲ್ಲಿ ರಕ್ತಹೀನತೆಯಿದ್ದ 534 ಮಕ್ಕಳಿಗೆ ಕಬ್ಬಿಣದ ಔಷಧಿ ಕೊಟ್ಟಿತು. ಕೆಲವು ಹಳ್ಳಿಗಳಲ್ಲಿ ತರಬೇತಾದ ಸ್ಥಳೀಯ ಹೆಣ್ಣುಮಕ್ಕಳು ಮನೆಗೆ ಹೋಗಿ ಊಟದ ಬಗ್ಗೆ, ಕಪ್ಪು ಮಲದ ಬಗ್ಗೆ, ಕೈ ತೊಳೆಯುವ ಬಗ್ಗೆ ಮತ್ತೆ ಮತ್ತೆ ಮಾತಾಡಿದರು. ಉಳಿದ ಕಡೆ ಎಂದಿನಂತೆ ಔಷಧಿ. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮಾತಾಡಿದ ಹಳ್ಳಿಗಳಲ್ಲಿ ಶೇ 55.7 ಮಕ್ಕಳು ಗುಣವಾಗಿದ್ದರು, ಉಳಿದ ಕಡೆ ಶೇ 41.4. ಬಾಟಲಿ ಒಂದೇ, ಬಾಟಲಿಯ ಸುತ್ತಲಿನ ಮಾತು ಬೇರೆ.

ಇಷ್ಟೆಲ್ಲ ಯಾಕೆ, ಬೆಳೆದ ಮೇಲೆ ರಕ್ತ ತಾನೇ ಬರುವುದಿಲ್ಲವೆ ಎಂಬ ಪ್ರಶ್ನೆಗೆ ಉತ್ತರ ಮೆದುಳಿನಲ್ಲಿದೆ. ನರತಂತುಗಳಿಗೆ ಕೊಬ್ಬಿನ ಹೊದಿಕೆ ಕಟ್ಟಲು, ಡೋಪಮಿನ್ ತಯಾರಾಗಲು ಕಬ್ಬಿಣ ಬೇಕು, ಅದೂ ಮೊದಲ ಎರಡು ವರ್ಷಗಳಲ್ಲಿ. ಬೆಟ್ಸಿ ಲೋಝಾಫ್ ಎಂಬ ವಿಜ್ಞಾನಿ ಕೋಸ್ಟರೀಕಾದಲ್ಲಿ ಶೈಶವದಲ್ಲಿ ತೀವ್ರ ಕಬ್ಬಿಣದ ಕೊರತೆ ಅನುಭವಿಸಿದ್ದ ಮಕ್ಕಳನ್ನು ಹತ್ತು ವರ್ಷಗಳ ಮೇಲೂ ಹಿಂಬಾಲಿಸಿದರು. ಚಿಕಿತ್ಸೆಯಿಂದ ರಕ್ತ ಸರಿಹೋಗಿತ್ತು, ಕಲಿಕೆ ಮತ್ತು ನಡವಳಿಕೆಯ ಪರೀಕ್ಷೆಗಳಲ್ಲಿ ಮಾತ್ರ ಅವರು ಹಿಂದೆಯೇ ಇದ್ದರು. ಕಥೆ ಇಷ್ಟು ಸರಳವಾಗಿದ್ದರೆ ಒಳ್ಳೆಯದಿತ್ತು. ಅದೇ ಪಸರೀಚಾ 2021ರಲ್ಲಿ ಬಾಂಗ್ಲಾದೇಶದ ಎಂಟು ತಿಂಗಳ 3300 ಮಕ್ಕಳ ಮೇಲಿನ ಪ್ರಯೋಗ ಪ್ರಕಟಿಸಿದರು: ಮೂರು ತಿಂಗಳು ಕಬ್ಬಿಣ ಕೊಟ್ಟಾಗ ರಕ್ತಹೀನತೆ ಚೆನ್ನಾಗಿಯೇ ಇಳಿಯಿತು, ಬುದ್ಧಿ ಬೆಳವಣಿಗೆಯ ಅಂಕ ಏರಲಿಲ್ಲ. ಮಲೇರಿಯಾ ಹೆಚ್ಚಿದ್ದ ಪೂರ್ವ ಆಫ್ರಿಕಾದ ಪೆಂಬಾ ದ್ವೀಪದಲ್ಲಂತೂ ಕಬ್ಬಿಣ ಕೊಟ್ಟ ಮಕ್ಕಳು ಹೆಚ್ಚು ಕಾಯಿಲೆ ಬಿದ್ದು ಪ್ರಯೋಗದಲ್ಲಿ ಕಬ್ಬಿಣ ಕೊಡುವುದನ್ನೇ ನಿಲ್ಲಿಸಬೇಕಾಯಿತು. ಎಂಟನೇ ತಿಂಗಳಿನ ನಂತರ ಮೂರು ತಿಂಗಳ ಸಿರಪ್ಪಿನಿಂದ ತಿದ್ದಲಾಗದ ಹಾನಿ ಬಸಿರಿನಲ್ಲೇ ಆಗಿರುತ್ತದೋ, ಅಥವಾ ಪರೀಕ್ಷೆಯೇ ಆ ವಯಸ್ಸಿಗೆ ಒರಟೋ, ಈ ಚರ್ಚೆ ನಡೆದಿದೆ. ನನ್ನ ಒಲವು ಮೊದಲನೆಯದರ ಕಡೆಗೆ: ಕೂಸಿಗಿಂತ ಮುಂಚೆ ಹುಡುಗಿಯರ ತಾಟು ನೋಡಬೇಕು.

ಸುಗ್ಗಿ ಮುಗಿದ ಮೇಲೆ ಈ ಊರುಗಳ ಎಷ್ಟೋ ಕುಟುಂಬಗಳು ಗುಳೆ ಹೋಗುತ್ತವೆ, ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಕಂಕುಳಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಕೂಸು, ಅಂದರೆ ಬುತ್ತಿ ಮುಗಿದು ಊಟ ಹತ್ತಬೇಕಾದ ವಯಸ್ಸಿನದು. ಊರಿನ ಅಂಗನವಾಡಿಯ ಪುಸ್ತಕದಲ್ಲಿ ಅದರ ಹೆಸರಿದೆ, ಕೆಲಸದ ಶೆಡ್ಡಿನ ಹತ್ತಿರದ ಅಂಗನವಾಡಿಯಲ್ಲಿ ಇಲ್ಲ. ಅವರು ಬಸ್ ಹತ್ತುವ ಮುಂಚೆ ತಾಯಿ ಕಾರ್ಡಿನ ಜತೆ ಎರಡು ಬಾಟಲಿ ಸಿರಪ್ಪು, ಒಂದು ಚೀಲ ಶೇಂಗಾ-ಪುಟಾಣಿ ಹಿಟ್ಟು ಕೊಟ್ಟು ಕಳಿಸುವುದಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ.